ಆಳಂದ ಸೀಮೆಯ ಎಳ್ಳಮಾವಾಸ್ಯೆ

ರಜೆಯೆಂಬುದು ಎರಡು ಬಗೆಯದಾಗಿರುವದು. ಸರಕಾರವು ಕಾಗದದ ಮೇಲೆ ಬರೆದು ಕೊಡುವದು ಒಂದು. ನೆಲವು ತಾನಾಗಿಯೇ ಕೊಡುವದು ಇನ್ನೊಂದು. ಮೊದಲನೆಯದು ಅರಸೊತ್ತಿಗೆ ಬದಲಾದಂತೆಲ್ಲ ಬದಲಾಗುತ್ತ ಬಂದಿದೆ. ಎರಡನೆಯದು ಮಳೆಬೆಳೆಗಳ ಕ್ರಮವನ್ನುಳಿದು ಬೇರೆ ಯಾರ ಅಪ್ಪಣೆಯನ್ನೂ ಕೇಳಿದುದಿಲ್ಲ. ಕಲಬುರಗಿ ಜಿಲ್ಲೆಯ ಆಳಂದ ಸೀಮೆಯಲ್ಲಿ ಹೇಮಂತ ಋತುವಿನೊಳಗೆ ಬರುವ ಎಳ್ಳಮಾವಾಸ್ಯೆಯು ಈ ಎರಡನೆಯ ಬಗೆಯ ರಜೆಯಾಗಿದೆ. ಅಂದು ಊರಿನಲ್ಲಿ ಊರು ಇರುವದಿಲ್ಲ. ತೊಟ್ಟಿಲ ಕೂಸಿನಿಂದ ಮೊದಲುಗೊಂಡು ಕೋಲೂರುವ ಮುತ್ಯಾನವರೆಗೆ ಮನೆಮಂದಿಯೆಲ್ಲ ಹೊಲದಲ್ಲಿರುವರು. ಈ ದಿನದ ಚರಿತ್ರೆಯು ಯಾವ ಬಖರಿನಲ್ಲಿಯೂ ಒಂದೆಡೆ ಬರೆದಿಟ್ಟುದಲ್ಲ. ಶಾಸನದ ಒಂದು ಸಾಲು, ಅರಸನೊಬ್ಬನ ಗ್ರಂಥದ ಒಂದು ಅಧ್ಯಾಯ, ಬುಟ್ಟಿಯಲ್ಲಿಯ ಒಂದು ಪದಾರ್ಥ, ಪಂಚಾಂಗದ ಒಂದು ಲೆಕ್ಕ, ಇವುಗಳನ್ನು ಕೂಡಿಸಿ ಅದನ್ನು ಕಾಣಬೇಕಾಗುವದು.

ಮೊದಲು ನೆಲವನ್ನು ನೋಡತಕ್ಕದ್ದು. ಆಳಂದವು ಕಲಬುರಗಿಗೆ ವಾಯವ್ಯದಲ್ಲಿ ಸುಮಾರು 40 ಕಿಲೋಮೀಟರು ದೂರದಲ್ಲಿದೆ. ಅದರ ಆಚೆಗೆ ಮಹಾರಾಷ್ಟ್ರದ ಸೀಮೆಯು ಆರಂಭವಾಗುವದು. ಈ ತಾಲೂಕಿನಲ್ಲಿ ಹರಿಯುವ ಅಮರ್ಜಾ ನದಿಯು ದಕ್ಷಿಣಕ್ಕೆ ಸಾಗಿ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುವದು. ಇಲ್ಲಿಯ ನೆಲವು ಬಹುಮಟ್ಟಿಗೆ ಕರಿಯ ಎರೆ. ಮಳೆಗಾಲದಲ್ಲಿ ಕುಡಿದ ನೀರನ್ನು ಒಡಲಲ್ಲಿಟ್ಟುಕೊಂಡು ಚಳಿಗಾಲದಲ್ಲಿ ಪೈರಿಗೆ ಉಣಿಸುವದು ಈ ಮಣ್ಣಿನ ಗುಣ. ಆದುದರಿಂದಲೇ ಆಕಾಶವು ಬರಿದಾದ ಮೇಲೆಯೂ ಇಲ್ಲಿ ಒಂದು ಬೆಳೆ ನಿಲ್ಲುವದು. ಮುಂಗಾರಿಯಲ್ಲಿ ಸಜ್ಜೆ, ಹೆಸರು, ಉದ್ದು, ಎಳ್ಳು. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ಅಗಸೆ. ಇವೆರಡರ ನಡುವೆ ಸೇತುವೆಯಂತೆ ತೊಗರಿಯು ಮುಂಗಾರಿಯಲ್ಲಿ ಹುಟ್ಟಿ ಚಳಿಯಲ್ಲಿ ಮಾಗುವದು.

ಮಾರ್ಗಶಿರ ಬಹುಳ ಅಮಾವಾಸ್ಯೆಯು ಬರುವ ಹೊತ್ತಿಗೆ ಈ ಹೊಲಗಳ ಸ್ಥಿತಿಯು ವಿಶೇಷವಾದುದು. ಎಳ್ಳು ಸಜ್ಜೆಗಳು ಆಗಲೇ ಮನೆಗೆ ಬಂದು ಸೇರಿರುವವು. ತೊಗರಿಯ ಕಾಯಿ ಕೆಲವು ಹಸಿರಾಗಿಯೂ ಕೆಲವು ಒಣಗಿಯೂ ಗಿಡದಲ್ಲಿ ಗಲಗಲನೆ ತೂಗುತ್ತಿರುವವು. ಬಿಳಿಜೋಳವು ಆಳೆತ್ತರ ನಿಂತು ತೆನೆ ಹಿರಿಯುತ್ತಿರುವದು. ಕಡಲೆಯು ಹೂ ಕಾಯಿಗಳಿಂದ ನೆಲವನ್ನು ಮುಚ್ಚಿರುವದು. ಹೀಗೆ ಹಳೆಯ ಬೆಳೆ ಮನೆಯಲ್ಲಿಯೂ ಹೊಸ ಬೆಳೆ ಹೊಲದಲ್ಲಿಯೂ ಏಕಕಾಲಕ್ಕೆ ಇರುವ ದಿನಗಳು ವರ್ಷದಲ್ಲಿ ಬಹಳವಿಲ್ಲ. ಒಕ್ಕಲಿಗನಿಗೆ ಉಣ್ಣಲು ಇದೆ, ಇನ್ನೂ ಆಸೆಪಡಲೂ ಇದೆ. ಕೊಯ್ಲಿನ ಅವಸರವು ಇನ್ನೂ ಆರಂಭವಾಗಿಲ್ಲ. ಬಿತ್ತಿಗೆಯ ಅವಸರವು ಮುಗಿದುಹೋಗಿದೆ. ಹಬ್ಬಕ್ಕೆ ಇದಕ್ಕಿಂತ ಯೋಗ್ಯವಾದ ಬಿಡುವು ದೊರೆಯುವದು ಕಷ್ಟ. ರಾತ್ರಿಯ ಇಬ್ಬನಿಯು ಕಡಲೆಯ ಎಲೆಗಳಲ್ಲಿಯ ಹುಳಿಯನ್ನು ಕರಗಿಸಿಕೊಂಡಿರುವದರಿಂದ, ಹಿಂದಿನವರು ಕತ್ತಲೆಯಿರುವಾಗಲೇ ಶುಭ್ರವಾದ ಅರಿವೆಯನ್ನು ಗಿಡಗಳ ಮೇಲೆ ಹಾಸಿ, ಬೆಳಗಿನಲ್ಲಿ ಅದನ್ನು ಹಿಂಡಿ ಕಡಲೆಹುಳಿಯನ್ನು ಶೇಖರಿಸುತ್ತಿದ್ದರು. ಆ ಹುಳಿಯು ಹೊಟ್ಟೆನೋವಿಗೆ ಮನೆಯ ಮದ್ದಾಗಿತ್ತು.

ಆಳಂದವು ಇಂದುನಿನ್ನಿನ ಊರಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಇದು ‘ಅಳಂದೆ’ಯೆಂದು ಕರೆಯಲ್ಪಟ್ಟಿದೆ, ‘ಅಳಂದೆ ಸಾಸಿರ’ವೆಂಬ ನಾಡಿಗೆ ಇದೇ ಮುಖ್ಯ ಪಟ್ಟಣವಾಗಿತ್ತು. ಶಿವಭಕ್ತರ ಕಥೆಗಳಲ್ಲಿ ಹೆಸರಾದ ಏಕಾಂತದ ರಾಮಯ್ಯನು ಈ ಊರಿನ ಮಗನೇ. ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿರುವ ಶಾಸನವು ಅವನ ತಂದೆಯಾದ ಪುರುಷೋತ್ತಮಭಟ್ಟನನ್ನೂ, ಮಕ್ಕಳಿಲ್ಲದೆ ಕೊರಗಿದ ಆ ದಂಪತಿಗಳು ಶಿವನನ್ನು ಬೇಡಿಕೊಂಡುದನ್ನೂ ಹೇಳಿ, ಆಮೇಲೆ ಮಗನ ಪವಾಡವನ್ನು ವರ್ಣಿಸುವದು. ಅರಸರ ಕಾಳಗಗಳ ನಡುವೆ ಅಳಂದೆಯ ಒಂದು ಮನೆಯ ತೊಟ್ಟಿಲಿನ ಸುದ್ದಿಯು ಕಲ್ಲಿನಲ್ಲಿ ಉಳಿದುದು ಚರಿತ್ರೆಯ ಒಂದು ಸುದೈವವೇ ಸರಿ.

ಅದೇ ಕಾಲದ ದಾನಶಾಸನಗಳನ್ನು ಓದುವವರಿಗೆ ಇನ್ನೊಂದು ಸಂಗತಿಯು ಕಣ್ಣಿಗೆ ಬೀಳದೆ ಇರದು. ದಾನ ಕೊಟ್ಟ ತಿಥಿಯನ್ನು ಹೇಳುವಲ್ಲಿ ಅಮಾವಾಸ್ಯೆ, ಸೂರ್ಯಗ್ರಹಣ, ಉತ್ತರಾಯಣ ಸಂಕ್ರಾಂತಿ ಎಂಬ ಮಾತುಗಳು ಪದೇ ಪದೇ ಬರುವವು. ಪುಷ್ಯಮಾಸದ ಉತ್ತರಾಯಣ ಸಂಕ್ರಾಂತಿಯಂದು ಆಚಾರ್ಯರ ಕಾಲು ತೊಳೆದು, ದೇಗುಲಕ್ಕೆ ಹೊಲವನ್ನೂ, ಎಣ್ಣೆಗಾಣದ ಆಯವನ್ನೂ, ವಿದ್ಯಾರ್ಥಿಗಳ ಊಟಕ್ಕೆ ಧಾನ್ಯವನ್ನೂ ಬಿಟ್ಟುಕೊಟ್ಟ ಶಾಸನಗಳು ಈ ನಾಡಿನಲ್ಲಿ ಬಹಳವಿವೆ. ಅಂದರೆ ಚಳಿಗಾಲದ ಈ ದಿನಗಳು ಕೊಡುವ ದಿನಗಳೆಂಬ ಭಾವನೆಯು ಎಂಟು ಒಂಬತ್ತು ನೂರು ವರ್ಷಗಳಿಗೂ ಹಿಂದಿನದು.

ಇಲ್ಲಿ ವಾಚಕರಿಗೆ ಒಂದು ಕುತೂಹಲದ ಲೆಕ್ಕವನ್ನು ಹೇಳಬಹುದು. ಆ ಶಾಸನಗಳ ಉತ್ತರಾಯಣ ಸಂಕ್ರಾಂತಿಯನ್ನು ಆಗಿನ ಯುರೋಪಿನ ಜೂಲಿಯನ್ ಪಂಚಾಂಗಕ್ಕೆ ಹೊಂದಿಸಿದರೆ ಸಾಮಾನ್ಯವಾಗಿ ಡಿಸೆಂಬರ 24 ಇಲ್ಲವೆ 25 ಬರುವದು. ಈಗ ಬಳಕೆಯಲ್ಲಿರುವ ಗ್ರೆಗೋರಿಯನ್ ಲೆಕ್ಕದಲ್ಲಿ ಅದು ಡಿಸೆಂಬರದ ಕೊನೆಯ ಇಲ್ಲವೆ ಜನವರಿಯ ಮೊದಲ ದಿನವಾಗುವದು. ಇಂದು ಸಂಕ್ರಾಂತಿಯು ಜನವರಿ 14 ಇಲ್ಲವೆ 15ಕ್ಕೆ ಬರುತ್ತಿದೆ. ನಮ್ಮ ಸೌರವರ್ಷವು ನಕ್ಷತ್ರಗಳನ್ನು ಅನುಸರಿಸಿದುದು, ಗ್ರೆಗೋರಿಯನ್ ವರ್ಷವು ಋತುಗಳನ್ನು ಅನುಸರಿಸಿದುದು. ಇವೆರಡರ ಅಂತರವು ಸುಮಾರು 60–70 ವರ್ಷಕ್ಕೆ ಒಂದು ದಿನದಂತೆ ಬೆಳೆಯುವದು. ಆದುದರಿಂದ ವಿಕ್ರಮಾದಿತ್ಯನ ಕಾಲದ ಅಳಂದೆಯ ಮಕ್ಕಳು ಸಂಕ್ರಾಂತಿಯ ಎಳ್ಳನ್ನು ಈಗಿನ ಮಕ್ಕಳಿಗಿಂತ ಹದಿನಾಲ್ಕು ದಿನ ಮೊದಲೇ ತಿಂದಿರಬೇಕೆಂದು ಹೇಳಿದರೆ ತಪ್ಪಾಗಲಾರದು. ಎಳ್ಳಮಾವಾಸ್ಯೆಯಾದರೋ ಚಂದ್ರನನ್ನು ಅನುಸರಿಸಿದ ದಿನ. ಅದು ಹಿಂದುಮುಂದೆ ಓಡಾಡುವದು. 2024ರಲ್ಲಿ ಅದು ಜನವರಿ 11ಕ್ಕೆ ಒಮ್ಮೆಯೂ ಡಿಸೆಂಬರ 30ಕ್ಕೆ ಇನ್ನೊಮ್ಮೆಯೂ ಬಂದು, ಒಂದೇ ಇಂಗ್ರಜಿ ವರ್ಷದಲ್ಲಿ ಎರಡು ಸಲ ಹೊಲಕ್ಕೆ ಕರೆಯಿತು. 2025ರಲ್ಲಿ ಡಿಸೆಂಬರ 19ಕ್ಕೇ ಬಂದಿತು. ಎಷ್ಟು ಸರಿದರೂ ಅದು ಬೆಳೆ ನಿಂತಿರುವ ಕಾಲವನ್ನು ಬಿಟ್ಟು ಆಚೆಗೆ ಹೋಗದಂತೆ ಅಧಿಕಮಾಸವು ತಡೆದು ನಿಲ್ಲಿಸುವದು.

ಶಾಸನಗಳು ಅರಸರ ಕೊಡುಗೆಯನ್ನು ಹೇಳುವವು. ಆದರೆ ಪೈರಿನ ನಡುವೆ ಹೋಗಿ ನಲಿಯುವದನ್ನು ಕುರಿತು ಅರಸನೊಬ್ಬನೇ ಬರೆದಿದ್ದಾನೆ. ಆಳಂದದಿಂದ ಈಶಾನ್ಯಕ್ಕೆ ನೇರವಾಗಿ ಅಳೆದರೆ ಸುಮಾರು 50 ಕಿಲೋಮೀಟರಿನಲ್ಲಿರುವ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ಇಪ್ಪತ್ತು ಅಧ್ಯಾಯಗಳು ಕ್ರೀಡೆಗಳಿಗೆ ಮೀಸಲು. ವನಕ್ರೀಡೆ, ಜಲಕ್ರೀಡೆ, ಬೆಳದಿಂಗಳ ಕ್ರೀಡೆ, ಮರಳಿನ ಕ್ರೀಡೆ ಇವುಗಳ ಸಾಲಿನಲ್ಲಿಯೇ ಅವನು ‘ಸಸ್ಯಕ್ರೀಡೆ’ಗೂ ಒಂದು ಸ್ಥಾನವನ್ನು ಕೊಟ್ಟಿದ್ದಾನೆ. ಬೆಳೆದ ಪೈರಿನ ಹೊಲಕ್ಕೆ ಪರಿವಾರದೊಡನೆ ಹೋಗಿ ವಿಹರಿಸುವದೇ ಅದು. ಅದೇ ಗ್ರಂಥದ ಅನ್ನಭೋಗವೆಂಬ ಭಾಗದಲ್ಲಿ ಹಲವು ಬೇಳೆಗಳನ್ನು ಕೂಡಿಸಿ ಬೇಯಿಸುವ ‘ವಿದಲಪಾಕ’ದ ವಿಧಾನವಿದೆ. ಎಳ್ಳಮಾವಾಸ್ಯೆಯ ಹೊಲದಲ್ಲಿ ಕುಳಿತು ಹಲವು ಕಾಳು ಹಲವು ತೊಪ್ಪಲು ಕೂಡಿಸಿ ಮಾಡಿದ ಭಜ್ಜಿಯನ್ನು ಉಣ್ಣುವವರಿಗೆ ಇವೆರಡು ಅಧ್ಯಾಯಗಳು ಅಪರಿಚಿತವಾಗಿ ತೋರಲಾರವು. ಆದರೂ ಭೇದವು ದೊಡ್ಡದು. ಅರಸನಿಗೆ ಹೊಲವು ವಿನೋದದ ಸ್ಥಳ. ಬೇಸರವಾದರೆ ಅವನು ಮರುದಿನ ಜಲಕ್ರೀಡೆಗೆ ಹೋಗಬಲ್ಲನು. ಒಕ್ಕಲಿಗನಿಗೆ ಆ ಹೊಲವನ್ನುಳಿದು ಬೇರೆ ಹೋಗಲು ಸ್ಥಳವಿಲ್ಲ. ಅರಸನು ಹೊಲವನ್ನು ನೋಡಲು ಹೋಗುವನು. ಒಕ್ಕಲಿಗನು ಹೊಲಕ್ಕೆ ಉಣಿಸಲು ಹೋಗುವನು.

ಈ ಉಣಿಸುವಿಕೆಗೇ ‘ಚರಗ ಚೆಲ್ಲುವದು’ ಎಂದು ಹೆಸರು. ಅದರ ಸಿದ್ಧತೆಯು ಹಿಂದಿನ ದಿನದಿಂದಲೇ ಆರಂಭವಾಗುವದು. ಒಲೆಯ ಮುಂದೆ ಆಯಿ, ಅವ್ವ, ಸೊಸೆಯಂದಿರು ಎಳ್ಳು ಹಚ್ಚಿದ ಸಜ್ಜೆರೊಟ್ಟಿಗಳನ್ನು ತಟ್ಟಿ ಬೇಯಿಸಿ ಅರಿವೆಯಲ್ಲಿ ಸುತ್ತಿಡುವರು. ಜೋಳದ ಕಡುಬು, ಶೇಂಗಾಹೋಳಿಗೆ, ಎಳ್ಳಿನ ಹೋಳಿಗೆ, ಬದನೆಕಾಯಿಯ ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾದ ಹಿಂಡಿ, ಮಜ್ಜಿಗೆ ಬೆರೆಸಿದ ಅಂಬಲಿ, ಇವುಗಳೊಡನೆ ಭಜ್ಜಿಯ ದೊಡ್ಡ ಪಾತ್ರೆ. ಮಕ್ಕಳಿಗೆ ಆ ರಾತ್ರಿ ನಿದ್ದೆ ಬರುವದಿಲ್ಲ. ಬೆಳಗಾಗುವ ಮುಂಚೆಯೇ ಎತ್ತುಗಳ ಮೈ ತೊಳೆದುದಾಯಿತೇ, ಬಂಡಿಗೆ ಹುಲ್ಲು ಹಾಸಿದುದಾಯಿತೇ ಎಂದು ಅಂಗಳಕ್ಕೂ ಒಳಕ್ಕೂ ಓಡಾಡುವರು. ಈಗ ಬಂಡಿಯ ಬದಲು ಬಹುಕಡೆಯಲ್ಲಿ ಟ್ರ್ಯಾಕ್ಟರು ನಿಂತಿರುವದು. ಆದರೆ ಅದರ ಮೇಲೆ ಮೊದಲು ಹತ್ತುವವರಾರೆಂಬ ಜಗಳವು ಹಳೆಯದೇ.

ಹೊಲವನ್ನು ಸೇರಿದ ಮೇಲೆ ಬನ್ನಿಯದೋ ಬೇವಿನದೋ ಮರದ ಬುಡದಲ್ಲಿ ಜೋಳದ ದಂಟುಗಳನ್ನು ಕೂಡಿಸಿ ಒಂದು ಚಿಕ್ಕ ಕೊಂಪೆಯನ್ನು ಕಟ್ಟುವರು. ಅದರೊಳಗೆ ಐದು ಕಲ್ಲುಗಳನ್ನು ತೊಳೆದು ಸುಣ್ಣ ಹಚ್ಚಿ ಇಡುವರು. ಅವು ಪಂಚಪಾಂಡವರು. ಅರಿಶಿನ ಕುಂಕುಮಗಳನ್ನೇರಿಸಿ, ದೀಪ ಹಚ್ಚಿ, ತಂದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ನೈವೇದ್ಯವಾಗಿ ಬಡಿಸುವರು. ಬಳಿಕ ಆ ಅನ್ನವನ್ನು ಕೂಡಿಸಿ ಬುಟ್ಟಿಯಲ್ಲಿಟ್ಟುಕೊಂಡು ಮನೆಯ ಹಿರಿಯನು ಪೈರಿನ ಸುತ್ತಲೂ ನಡೆಯುತ್ತ ನಾಲ್ಕು ದಿಕ್ಕಿಗೂ ಚೆಲ್ಲುವನು. ಅವನ ಹಿಂದೆ ನೀರಿನ ತಂಬಿಗೆ ಹಿಡಿದವನೊಬ್ಬನು. ಅವನ ಹಿಂದೆ ಮಕ್ಕಳ ಹಿಂಡು. ಮುಂದಿನವನು ಒಂದು ಕೂಗು ಹಾಕಿದರೆ ಹಿಂದಿನವರು ಮರುಕೂಗು ಕೊಡಬೇಕು. ಆ ಕೂಗು ಹೊಲದಿಂದ ಹೊಲಕ್ಕೆ ಹಾಯ್ದು ಅಡವಿಯೆಲ್ಲ ತುಂಬುವದು. ‘ಮುತ್ಯಾ, ಕಲ್ಲಿಗ್ಯಾಕ ಉಣಸ್ತಿ?’ ಎಂದು ಕೂಸು ಕೇಳಿದರೆ, ‘ಹೊಲ ಮೊದಲ ಉಣಬೇಕು, ಆಮ್ಯಾಲ ನಾವು’ ಎಂಬುದೇ ಮುತ್ಯಾನ ಉತ್ತರ. ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನವನ್ನು ಯಾವ ಪಂಡಿತನೂ ಮಾಡಬೇಕಾಗಿಲ್ಲ.

ಆಮೇಲೆ ಊಟ. ಹೊಲವಿದ್ದವರು ಹೊಲವಿಲ್ಲದವರನ್ನು ಕರೆಯುವದು ಈ ದಿನದ ಧರ್ಮ. ಊರಿನ ಅಂಗಡಿಕಾರ, ಶಾಲೆಯ ಮಾಸ್ತರು, ಪಟ್ಟಣದಿಂದ ಬಂದ ಬೀಗರು, ಬೇರೆ ಮತದ ಗೆಳೆಯರು, ಎಲ್ಲರೂ ಒಂದೇ ಹರವಿನ ಮೇಲೆ ಕುಳಿತು ಉಣ್ಣುವರು. ಒಂದು ಹೊಲದಲ್ಲಿ ಉಂಡು ಎದ್ದವರನ್ನು ಬದುವಿನ ಆಚೆಯವರು ಬಿಡದೆ ಕೂಡ್ರಿಸುವರು. ಊಟದ ತರುವಾಯ ದೊಡ್ಡವರು ಮರದ ನೆರಳಿನಲ್ಲಿ ಒರಗುವರು. ಮಕ್ಕಳ ಹಬ್ಬವು ಆಗ ಆರಂಭವಾಗುವದು. ಕಡಲೆಯ ಹಸಿಗಿಡಗಳನ್ನು ಕಿತ್ತು ಕಾಯಿ ಸುಲಿದು ತಿನ್ನುವದು, ತೊಗರಿಯ ಹಸಿಕಾಯಿಯನ್ನು ಉಪ್ಪು ಹಾಕಿ ಕುದಿಸುವದು, ಮರಕ್ಕೆ ಹಗ್ಗ ಕಟ್ಟಿ ಜೋಕಾಲಿಯಾಡುವದು, ಗಾಳಿಪಟ ಹಾರಿಸುವದು. ಕೆಲವು ವಾರ ಕಳೆದು ಜೋಳದ ಕಾಳಿನಲ್ಲಿ ಹಾಲು ತುಂಬಿತೆಂದರೆ ಸೀತನಿಯ ಕಾಲ. ಎಳೆಯ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬೆಲ್ಲದೊಡನೆಯೋ ಹಿಂಡಿಯೊಡನೆಯೋ ತಿನ್ನುವ ಆ ಕಾಳಿನ ರುಚಿಯನ್ನು ಗಡಿಯಾಚೆಯ ಮರಾಠಿಗರು ‘ಹುರ್ಡಾ’ ಎಂಬ ಹೆಸರಿನಿಂದ ಅಷ್ಟೇ ಅಕ್ಕರೆಯಿಂದ ಬಲ್ಲರು. ಎಳ್ಳಮಾವಾಸ್ಯೆಗೂ ಅವರಲ್ಲಿ ಲಾತೂರು ಉಸ್ಮಾನಾಬಾದ ಸೀಮೆಗಳಲ್ಲಿ ‘ವೇಳ ಅಮಾವಾಸ್ಯೆ’ಯೆಂಬ ಹೆಸರಿದೆ, ಕೊಂಪೆ, ಐದು ಕಲ್ಲು, ಭಜ್ಜಿ, ಅಂಬಲಿಗಳೆಲ್ಲ ಅಲ್ಲಿಯೂ ಉಂಟು. ಭಾಷೆಯ ಗಡಿಯು ಈ ಹಬ್ಬವನ್ನು ಕತ್ತರಿಸಲಿಲ್ಲ. ಎರೆಮಣ್ಣಿನ ಗಡಿಯೇ ಇದಕ್ಕೂ ಗಡಿ.

ಚರಗದ ಅರ್ಥವೇನೆಂದು ಕೇಳಿದರೆ ಹೆಂಗಸರು ಒಂದೇ ಮಾತಿನಲ್ಲಿ ಹೇಳುವರು: ಭೂಮಿತಾಯಿಯು ಬಸುರಿ, ಇದು ಅವಳ ಸೀಮಂತ. ಬಸುರಿಯಾದ ಮಗಳಿಗೆ ಬಯಕೆಯ ಊಟ ಉಣಿಸಿ ಉಡಿ ತುಂಬುವಂತೆ, ತೆನೆ ಹೊತ್ತ ಹೊಲಕ್ಕೆ ಬಗೆಬಗೆಯ ಅಡಿಗೆಯನ್ನು ಉಣಿಸುವದು. ಧಾರವಾಡ ವಿಜಯಪುರಗಳ ಕಡೆಯಲ್ಲಿ ಆಶ್ವಯುಜದ ಸೀಗಿಹುಣ್ಣಿವೆಯಲ್ಲಿಯೂ ಇದೇ ಭಾವನೆಯಿಂದ ಚರಗ ಚೆಲ್ಲುವದುಂಟು. ಈ ಭಾವನೆಯು ಕನ್ನಡನಾಡಿಗೆ ಮಾತ್ರ ಸೇರಿದುದಲ್ಲ. ಪ್ರಾಚೀನ ರೋಮಿನ ಒಕ್ಕಲಿಗರು ಜನವರಿಯ ಚಳಿಯಲ್ಲಿ ‘ಸೆಮೆಂಟಿವೆ’ ಎಂಬ ಹಬ್ಬವನ್ನು ಆಚರಿಸುತ್ತಿದ್ದರು. ಬಿತ್ತಿಗೆ ಮುಗಿದ ಮೇಲೆ ಎತ್ತುಗಳಿಗೆ ಬಿಡುವು ಕೊಟ್ಟು, ಧಾನ್ಯದ ದೇವತೆಯಾದ ಸೆರೆಸಳಿಗೂ ಭೂದೇವತೆಗೂ ತಮ್ಮ ಧಾನ್ಯವನ್ನೂ ಗರ್ಭಿಣಿಯಾದ ಹಂದಿಯ ಬಲಿಯನ್ನೂ ಅರ್ಪಿಸುತ್ತಿದ್ದರೆಂದು ಓವಿಡ್ ಕವಿಯು ಎರಡು ಸಾವಿರ ವರ್ಷಗಳ ಹಿಂದೆ ಬರೆದಿದ್ದಾನೆ. ಬಸುರಿಯಾದ ನೆಲಕ್ಕೆ ಬಸುರಿಯ ಬಲಿ ಎಂಬುದು ಅವರ ತರ್ಕ. ಬಸುರಿಯಾದ ನೆಲಕ್ಕೆ ಬಯಕೆಯ ಊಟ ಎಂಬುದು ಇಲ್ಲಿಯ ತರ್ಕ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ; ಚಳಿಗಾಲದಲ್ಲಿ ಪೈರನ್ನು ನೋಡುತ್ತ ಕುಳಿತವರ ಮನಸ್ಸು ಎಲ್ಲೆಡೆಯಲ್ಲಿಯೂ ಒಂದೇ ದಾರಿಯನ್ನು ಹಿಡಿದಿರಬೇಕು.

ಬುಟ್ಟಿಯಲ್ಲಿಯ ಪದಾರ್ಥಗಳೂ ತಮ್ಮ ತಮ್ಮ ಚರಿತ್ರೆಯನ್ನು ಹೊತ್ತಿವೆ. ಎಳ್ಳು ಅತಿ ಹಳೆಯದು. ಸಿಂಧೂಕಣಿವೆಯ ಹರಪ್ಪೆಯಲ್ಲಿಯೇ ಕರಿಕಾದ ಎಳ್ಳು ಅಗೆತದಲ್ಲಿ ದೊರೆತಿದೆ. ಸಜ್ಜೆಯು ಆಫ್ರಿಕೆಯಿಂದ ಬಂದುದಾದರೂ ಮೂರು ಸಾವಿರ ವರ್ಷಗಳಿಗೂ ಹಿಂದೆಯೇ ಕನ್ನಡನಾಡಿನ ಹಳ್ಳೂರಿನಲ್ಲಿ ಅದನ್ನು ಉಣ್ಣುತ್ತಿದ್ದರು. ಬಳ್ಳಾರಿಯ ಬಳಿಯ ಸಂಗನಕಲ್ಲಿನ ನೂತನಶಿಲಾಯುಗದ ನೆಲೆಯಲ್ಲಿ ತೊಗರಿಯ ಕಾಳು ಸಿಕ್ಕಿದೆ. ಇವೆಲ್ಲ ಬೇರೂರಿದ ಹಿರಿಯರು. ಅದೇ ಬುಟ್ಟಿಯಲ್ಲಿಯ ಮೆಣಸಿನಕಾಯಿಯು ಪೋರ್ತುಗೀಜರ ಹಡಗಿನಲ್ಲಿ 16ನೆಯ ಶತಮಾನದಲ್ಲಿ ಬಂದ ಅತಿಥಿ. ಶೇಂಗಾದ ಮೂಲವು ದಕ್ಷಿಣ ಅಮೇರಿಕೆ. ದಖ್ಖಣದ ಹೊಲಗಳಲ್ಲಿ ಅದು ವಿಸ್ತಾರವಾಗಿ ಹಬ್ಬಿದುದು 19ನೆಯ ಶತಮಾನದ ಕಡೆಯ ಭಾಗದಿಂದ ಈಚೆಗೆ. ಆದರೂ ಶೇಂಗಾಹೋಳಿಗೆಯಿಲ್ಲದ ಎಳ್ಳಮಾವಾಸ್ಯೆಯನ್ನು ಇಂದು ಯಾವ ಮಗುವೂ ಒಪ್ಪಲಾರದು. ಸಂಪ್ರದಾಯವೆಂದರೆ ಬಾಗಿಲು ಮುಚ್ಚಿದ ಮನೆಯಲ್ಲ. ಬಂದವರನ್ನು ಕೂಡ್ರಿಸಿ ಉಣಿಸಿ, ಕಾಲಕ್ರಮದಲ್ಲಿ ಮನೆಯವರನ್ನಾಗಿ ಮಾಡಿಕೊಳ್ಳುವ ಪಡಸಾಲೆಯೆಂಬುದಕ್ಕೆ ಈ ಬುಟ್ಟಿಯೇ ಸಾಕ್ಷಿ.

ಇನ್ನು ಕಾಲಗಣನೆಯ ಕಡೆಗೆ ತಿರುಗಬಹುದು. ಈ ಸೀಮೆಯು ಕಂಡಷ್ಟು ಪಂಚಾಂಗಗಳನ್ನು ಬೇರೆ ಸೀಮೆಗಳು ಕಂಡುದು ವಿರಳ. 1076ರಲ್ಲಿ ಆರನೆಯ ವಿಕ್ರಮಾದಿತ್ಯನು ಶಕವರ್ಷವನ್ನು ಬದಿಗಿರಿಸಿ ತನ್ನ ಹೆಸರಿನ ಚಾಲುಕ್ಯ ವಿಕ್ರಮವರ್ಷವನ್ನು ನಡೆಯಿಸಿದನು. 1347ರಲ್ಲಿ ಬಹಮನಿ ರಾಜ್ಯವು ಹುಟ್ಟಿ ಕಲಬುರಗಿಯೇ ಅದರ ರಾಜಧಾನಿಯಾದಾಗ ದರಬಾರದಲ್ಲಿ ಹಿಜರಿ ವರ್ಷವು ರೂಢಿಗೆ ಬಂದಿತು. ಹಿಜರಿಯು ಶುದ್ಧ ಚಾಂದ್ರಮಾನ. ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಅದರ ತಿಂಗಳುಗಳು ಋತುಗಳಲ್ಲೆಲ್ಲ ಸುತ್ತುವದರಿಂದ ಕಂದಾಯದ ಕಂತು ಬೆಳೆ ಬರುವ ಮುಂಚೆಯೇ ಬಂದುನಿಲ್ಲುವ ಪ್ರಸಂಗವಾಗುತ್ತಿತ್ತು. ಈ ತೊಡಕನ್ನು ಬಿಡಿಸಲೆಂದೇ ಮೊಗಲರು ಫಸಲಿಯೆಂಬ ಸುಗ್ಗಿಯ ವರ್ಷವನ್ನು ತಂದರು. ಫಸಲು ಎಂದರೆ ಬೆಳೆ. ನಿಜಾಮರ ಹೈದರಾಬಾದ ಸಂಸ್ಥಾನದಲ್ಲಿ ಫಸಲಿಯೇ ಸರಕಾರದ ವರ್ಷವಾಗಿ, ಆಜೂರ ತಿಂಗಳಿನಿಂದ ಅಕ್ಟೋಬರದಲ್ಲಿ ಆರಂಭವಾಗುತ್ತಿತ್ತು. ಆಗ ಆಳಂದವು ಪಾಯಗಾ ಅಮೀರರ ಜಾಗೀರಿಗೆ ಸೇರಿತ್ತು. ಕಚೇರಿಗೂ ಶಾಲೆಗೂ ಶುಕ್ರವಾರ ಬಿಡುವು, ಪ್ರೌಢಶಿಕ್ಷಣವು ಉರ್ದುವಿನಲ್ಲಿ. 1948ರ ಸೆಪ್ಟೆಂಬರ 17ರಂದು ಸಂಸ್ಥಾನದ ಆಳಿಕೆ ಮುಗಿಯಿತು. ಶುಕ್ರವಾರವು ಹೋಗಿ ಆದಿತ್ಯವಾರವು ಬಂದಿತು. ಆಜೂರ, ದೈ, ಬಹಮನಗಳು ಹೋಗಿ ಅಕ್ಟೋಬರ, ನವಂಬರಗಳು ಬಂದವು. 1956ರ ನವಂಬರ 1ರಂದು ಸೀಮೆಯು ಕನ್ನಡಿಗರ ಒಂದುಗೂಡಿದ ರಾಜ್ಯವನ್ನು ಸೇರಿತು. 2019ರಲ್ಲಿ ಹೈದರಾಬಾದ ಕರ್ನಾಟಕವೆಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು.

ಇಷ್ಟು ಪಲ್ಲಟಗಳ ನಡುವೆ ಹೊಲದ ರಜೆಯು ಮಾತ್ರ ಕದಲಲಿಲ್ಲ. ಶಾಲೆಯಲ್ಲಿ ಉರ್ದುವಿನ ಪಾಠ ಒಪ್ಪಿಸಿದ ಹುಡುಗನೂ, ಇಂದು ಇಂಗ್ರಜಿ ಪದ್ಯ ಒಪ್ಪಿಸುವ ಹುಡುಗಿಯೂ ಅಂದು ಕನ್ನಡದಲ್ಲಿಯೇ ಮರುಕೂಗು ಕೊಟ್ಟರು, ಕೊಡುತ್ತಿರುವರು. ರಾಜ್ಯದ ಸಾರ್ವತ್ರಿಕ ರಜಾಪಟ್ಟಿಯಲ್ಲಿ ಸಂಕ್ರಾಂತಿಗೆ ಸ್ಥಾನವಿದೆ, ಎಳ್ಳಮಾವಾಸ್ಯೆಗೆ ಇಲ್ಲ. ಶಾಲೆಯ ದೊಡ್ಡ ರಜೆಗಳು ದಸರೆಗೂ ಬೇಸಿಗೆಗೂ ಸಲ್ಲುವವು. ಆದರೂ ಆ ದಿನ ಹಳ್ಳಿಯ ಶಾಲೆಯಲ್ಲಿ ಹಾಜರಿ ಕರೆದರೆ ಓಗೊಡುವವರು ಕೆಲವರೇ.

ಅಮಾವಾಸ್ಯೆಯಿಂದ ಆರಂಭವಾದ ಈ ಉಲ್ಲಾಸವು ಸಂಕ್ರಾಂತಿಯವರೆಗೆ ಮಂದಗತಿಯಲ್ಲಿ ಮುಂದುವರಿಯುವದು. ಮನೆಗಳಲ್ಲಿ ಕುಸುರೆಳ್ಳಿನ ಕೆಲಸ. ಎಳ್ಳನ್ನು ಅಗಲವಾದ ಪಾತ್ರೆಯಲ್ಲಿ ಹಾಕಿ, ಹದವಾದ ಕೆಂಡದ ಮೇಲಿರಿಸಿ, ಸಕ್ಕರೆಯ ಪಾಕವನ್ನು ಹನಿಹನಿಯಾಗಿ ಬಿಡುತ್ತ ಬೆರಳುಗಳಿಂದ ಮೆಲ್ಲಗೆ ಆಡಿಸುತ್ತಿರಬೇಕು. ದಿನಗಟ್ಟಲೆ ತಾಳ್ಮೆಯಿಂದ ಮಾಡಿದರೆ ಒಂದೊಂದು ಎಳ್ಳಿಗೂ ಬಿಳಿಯ ಮುಳ್ಳುಗಳೇಳುವವು. ಒಣಚಳಿಯ ಗಾಳಿಯಿದ್ದರೆ ಮಾತ್ರ ಮುಳ್ಳು ಚೆನ್ನಾಗಿ ಬರುವದೆಂಬುದು ಮಾಡಿದವರ ಅನುಭವ. ಭೋಗಿಯಂದು ಎಣ್ಣೆ ಹಚ್ಚಿ ಅಭ್ಯಂಜನ, ಎಳ್ಳಿನ ಸಜ್ಜೆರೊಟ್ಟಿ, ಕೂಡುಪಲ್ಲೆ. ಸಂಕ್ರಮಣದ ದಿನ ಭೀಮಾ ಅಮರ್ಜಾ ಸಂಗಮವೇ ಮೊದಲಾದ ನದೀತೀರಗಳಲ್ಲಿ ಸ್ನಾನ, ದಂಡೆಯ ಮೇಲೆ ಬುತ್ತಿಯ ಊಟ. ಸಂಜೆ ಎಳ್ಳುಬೆಲ್ಲ ಕೊಟ್ಟು ಹಿರಿಯರ ಕಾಲಿಗೆರಗುವದು. ಗಡಿಸೀಮೆಯ ಕೆಲವು ಮನೆಗಳಲ್ಲಿ ಚಿಕ್ಕ ಮಕ್ಕಳಿಗೆ ಕುಸುರೆಳ್ಳಿನ ಆಭರಣ ತೊಡಿಸಿ, ತಲೆಯ ಮೇಲಿಂದ ಬೋರೆಹಣ್ಣು, ಕಬ್ಬಿನ ಚೂರು, ಕುಸುರೆಳ್ಳುಗಳನ್ನು ಸುರಿಯುವರು. ಸುರಿದುದನ್ನು ನೆರೆಮನೆಯ ಮಕ್ಕಳು ಮುಗಿಬಿದ್ದು ಆರಿಸಿಕೊಳ್ಳುವರು. ಹೊಲದಲ್ಲಿ ಅನ್ನವನ್ನು ಚೆಲ್ಲಿದುದು ಭೂಮಿಗೆ. ಇಲ್ಲಿ ಹಣ್ಣನ್ನು ಚೆಲ್ಲುವದು ಕೂಸಿಗೆ. ಬೆಳೆಯುವ ಎರಡು ಜೀವಗಳಿಗೂ ಸಲ್ಲುವ ಹರಕೆಯು ಒಂದೇ.

ಈ ಉತ್ಸವವು ಎಲ್ಲ ವರ್ಷವೂ ಸಂತೋಷದಿಂದಲೇ ಬಂದುದೆಂದು ತಿಳಿಯಬಾರದು. 1876ರಿಂದ 78ರವರೆಗಿನ ಮಹಾಕ್ಷಾಮವು ದಖ್ಖಣವನ್ನೆಲ್ಲ ಸುಟ್ಟಿತು. 1972ರ ಬರಗಾಲವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಅಂತಹ ವರ್ಷಗಳಲ್ಲಿ ಹೊಲವು ಬಂಜೆಯಂತೆ ಬಿದ್ದಿರುವಾಗ ಸೀಮಂತವನ್ನು ಯಾರಿಗೆ ಮಾಡುವದು? ಬರವು ಹೋದ ಮೇಲೆ ಹೊಲಗಳು ಮತ್ತೆ ತುಂಬಿದವು, ಚರಗವೂ ಮರಳಿತು. ಬರವು ಹೊಲವನ್ನು ಬರಿದುಮಾಡಬಲ್ಲುದು. ಹೊಲಕ್ಕೆ ಹೋಗುವ ದಾರಿಯನ್ನು ಮರೆಯಿಸಲಾರದು.

ಆದರೆ ದಾರಿಯನ್ನೇ ಮರೆಯಿಸಬಲ್ಲ ಬೇರೆ ಕಾರಣಗಳು ಈಗ ಸದ್ದಿಲ್ಲದೆ ಬಂದಿವೆ. ಕಲಬುರಗಿಯು ತೊಗರಿಯ ಕಣಜವೆಂದು ಪ್ರಸಿದ್ಧವಾಗಿ, ಇಲ್ಲಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಇದು ಅಭಿಮಾನದ ಮಾತೇ. ಅಮರ್ಜಾ ಅಣೆಕಟ್ಟಿನಿಂದಲೂ ಭೀಮೆಯಿಂದಲೂ ನೀರು ಬಂದು ಕೆಲವೆಡೆ ಕಬ್ಬು ಬೆಳೆಯಿತು. ಭೂಸನೂರಿನಲ್ಲಿ ಸಕ್ಕರೆ ಕಾರಖಾನೆಯೂ ಆಯಿತು. ಇದರಿಂದ ಅನೇಕ ಮನೆಗಳಿಗೆ ಹಣವು ಬಂದಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಹಲವು ಬೆಳೆಗಳ ಹೊಲವು ಒಂದೇ ಬೆಳೆಯ ಹೊಲವಾಗುತ್ತ ಹೋದಂತೆ ಬಿಳಿಜೋಳವು ಹಿಂದೆ ಸರಿಯಿತು. ಸಜ್ಜೆ, ಎಳ್ಳು, ಅಗಸೆ, ಕುಸುಬೆಗಳು ಬದುವಿನ ಸಾಲುಗಳಾಗಿ ಉಳಿದವು. ಭಜ್ಜಿಯ ಕಾಳನ್ನು ಪೇಟೆಯಿಂದ ತಂದು, ಸಜ್ಜೆಯ ಹಿಟ್ಟನ್ನು ಅಂಗಡಿಯಲ್ಲಿ ಕೊಂಡು, ಯಾವ ಹೊಲದಲ್ಲಿ ಅವು ಬೆಳೆಯಲಿಲ್ಲವೋ ಆ ಹೊಲಕ್ಕೇ ಚೆಲ್ಲುವ ಪ್ರಸಂಗವು ಬಂದರೆ ಚರಗದ ಶಬ್ದ ಉಳಿದು ಅರ್ಥ ಹೋದಂತಾಗುವದು. ಇನ್ನೊಂದು ಕಡೆಯಲ್ಲಿ, ಕೂಲಿಯನ್ನರಸಿ ಮುಂಬಯಿ, ಪುಣೆ, ಹೈದರಾಬಾದಗಳಿಗೆ ಹೋಗುವ ಸಂಸಾರಗಳು ಸುಗ್ಗಿಯ ಮುಂಚೆಯೇ ಕೂಸುಗಳನ್ನೆತ್ತಿಕೊಂಡು ಊರು ಬಿಡುವವು. ಅವರ ಮಕ್ಕಳು ಎಳ್ಳಮಾವಾಸ್ಯೆಯನ್ನು ಕಟ್ಟಡದ ಕೆಲಸದ ನೆಲೆಯಲ್ಲಿ ಕಳೆಯುವರು. ಭೂಮಿಯು ಕೊಡುವ ರಜೆಯನ್ನು ಪಡೆಯಲು ಭೂಮಿಯ ಹತ್ತಿರ ಇರಬೇಕು. ಅಷ್ಟು ಸ್ಥಿತಿ ಎಲ್ಲರಿಗೂ ಇಲ್ಲವೆಂಬುದೇ ಈ ಹಬ್ಬದ ಚರಿತ್ರೆಯಲ್ಲಿಯ ನೋವಿನ ಪುಟ.

ಹಾಗಿದ್ದರೂ ನಿರಾಶೆಗೆ ಅವಕಾಶವಿಲ್ಲ. ಪಟ್ಟಣದ ಶಾಲೆಗಳಲ್ಲಿ ಡಿಸೆಂಬರದ ಕೊನೆಗೆ ಕೊಡುವ ಬಿಡುವು ಕೆಲವು ವರ್ಷಗಳಲ್ಲಿ ಈ ಅಮಾವಾಸ್ಯೆಗೆ ತಾನಾಗಿಯೇ ಕೂಡಿಬರುವದು. ಅಂತಹ ವರ್ಷ ಕಲಬುರಗಿಯಿಂದಲೂ ಸೊಲ್ಲಾಪುರದಿಂದಲೂ ಮೊಮ್ಮಕ್ಕಳು ಊರಿಗೆ ಬರುವರು. ಜೋಳದ ಗಿಡ ಯಾವುದು, ಕಡಲೆಯ ಗಿಡ ಯಾವುದೆಂದು ತಿಳಿಯದ ಮಗುವೂ ಆ ಒಂದು ದಿನದಲ್ಲಿ ತಿಳಿದು ಹೋಗುವದು. ಪುಸ್ತಕದಿಂದ ಕಲಿತುದು ಮರೆತೀತು. ಇಬ್ಬನಿಯಲ್ಲಿ ತೊಯ್ದ ಕಡಲೆಯ ಎಲೆಯನ್ನು ನಾಲಗೆಗೆ ಹಚ್ಚಿ ಹುಳಿಯನ್ನು ಕಂಡ ಮಗುವು ಅದನ್ನು ಮರೆಯಲಾರದು. ಶಾಲೆಗಳು ಆ ದಿನ ಬರಿಯ ಕೋಣೆಗಳನ್ನು ಕಾಯುವದಕ್ಕಿಂತ ಮಕ್ಕಳನ್ನು ಮನೆಯವರೊಡನೆ ಹೊಲಕ್ಕೆ ಕಳುಹಿದರೆ ಅದೂ ಒಂದು ಪಾಠವೇ ಆಗುವದು. ಒಕ್ಕಲಿಗರಾದರೂ ಮಾರುವದಕ್ಕೆ ತೊಗರಿಯನ್ನು ಬೆಳೆಯುವಾಗ, ಉಣ್ಣುವದಕ್ಕೂ ಉಣಿಸುವದಕ್ಕೂ ಎಂದು ನಾಲ್ಕು ಸಾಲು ಸಜ್ಜೆ, ಎರಡು ಸಾಲು ಎಳ್ಳು, ಒಂದು ಪಟ್ಟಿ ಬಿಳಿಜೋಳವನ್ನು ಬಿಟ್ಟುಕೊಳ್ಳುವದು ಅಸಾಧ್ಯವೇನಲ್ಲ.

ಅರಸರು ಉತ್ತರಾಯಣದಲ್ಲಿ ಕೊಟ್ಟ ಹೊಲಗಳು ಕೈಯಿಂದ ಕೈಗೆ ಹೋದವು. ಕಲ್ಲುಗಳು ಮಾತ್ರ ಉಳಿದವು. ಹೊಲವು ಮೊದಲು ಉಣ್ಣಬೇಕು, ಆಮೇಲೆ ಮನುಷ್ಯನೆಂಬ ಮಾತನ್ನು ಯಾವ ಕಲ್ಲಿನ ಮೇಲೆಯೂ ಬರೆಯಲಿಲ್ಲ. ಅದು ಮುತ್ಯಾನ ಬಾಯಿಂದ ಮೊಮ್ಮಗನ ಕಿವಿಗೆ, ವರ್ಷಕ್ಕೊಮ್ಮೆ, ನಿಂತ ಪೈರಿನ ನಡುವೆ ಹೇಳಿ ಉಳಿಸಿದುದು. ಹೇಳುವವನೂ ಕೇಳುವವನೂ ಆ ದಿನ ಒಂದೇ ಹೊಲದಲ್ಲಿರುವವರೆಗೆ ಆ ಮಾತಿಗೆ ಶಾಸನದ ಅವಶ್ಯಕತೆಯಿಲ್ಲ.